ಒಡೆಯನಿಲ್ಲದ ಹೊಗೆ

ಹಳ್ಳಿಯಲ್ಲಿ ಒಡೆಯನಿಲ್ಲದ ವಸ್ತುವೆಂಬುದಿಲ್ಲ. ಹೊಲಕ್ಕೆ ಒಡೆಯನುಂಟು, ಬಣವೆಗೆ ಒಡೆಯನುಂಟು; ಊರ ಹೊರಗಿನ ತಿಪ್ಪೆಗೂ ‘ಇದು ಇಂಥವರದು’ ಎಂಬ ಹೆಸರುಂಟು. ಬೀದಿಯಲ್ಲಿ ಅಲೆಯುವ ಗೂಳಿಗೂ ದೇವರ ಮುದ್ರೆಯುಂಟು. ಒಂದು ಮನೆಯ ಒಲೆಯ ಹೊಗೆ ನೆರೆಮನೆಯ ಪಡಸಾಲೆಗೆ ನುಗ್ಗಿದರೆ, ಅದು ಯಾರ ಒಲೆಯದೆಂದು ವಿಚಾರಣೆ ನಡೆಸಬೇಕಾದ ಅಗತ್ಯವಿಲ್ಲ. ಗೋಡೆಯ ಆಚೆಗೊಂದು ಮಾತು, ಈಚೆಗೊಂದು ಮಾತು, ಅಲ್ಲಿಗೆ ನ್ಯಾಯ ತೀರುತ್ತದೆ. ಆದರೆ ಇಂದಿನ ಜಗತ್ತಿನಲ್ಲಿ ಒಡೆಯನೇ ಇಲ್ಲದ ಹೊಗೆಯೊಂದುಂಟು. ಅದು ಕಡಲ ಮೇಲೆ ಸಾಗುವ ಹಡಗಿನ ಹೊಗೆ. ಅದನ್ನು ತನ್ನದೆಂದು ಒಪ್ಪಿಕೊಂಡ ದೇಶ ಈ ಭೂಮಂಡಲದಲ್ಲಿ ಒಂದೂ ಇಲ್ಲ.

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ ಈ ಮಾತನ್ನೆತ್ತಿದರೆ ಕೇಳಿದವರು ನಕ್ಕಾರು. ಆ ಊರಿನಿಂದ ಯಾವ ದಿಕ್ಕಿಗೆ ಹೊರಟರೂ 250 ಕಿಲೋಮೀಟರಿಗಿಂತ ಹತ್ತಿರದಲ್ಲಿ ಕಡಲಿಲ್ಲ. ಅಲ್ಲಿ ಕಾಣುವುದು ಬತ್ತದ ಬಯಲು. ಕೇಳುವುದು ಟ್ರ್ಯಾಕ್ಟರಿನ ಸದ್ದು. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು, ಓದಿ ಬಂದ ಹುಡುಗನನ್ನು ನೋಡಿ, “ಅಲ್ಲೋ ತಮ್ಮಾ, ಕಾಣದ ಕಡಲಾಗಿನ ಹೊಗಿಗೂ ನಮ್ಮ ಗದ್ದಿಗೂ ಏನು ನಂಟು?” ಎಂದು ಕೇಳಿದರೆ, ಆ ಪ್ರಶ್ನೆ ಅಜ್ಞಾನದ್ದಲ್ಲ, ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳದೆ ‘ಅಂತರರಾಷ್ಟ್ರೀಯ ಸಹಕಾರ’ ಎಂಬ ದೊಡ್ಡ ಮಾತನ್ನಾಡಿ ಪ್ರಯೋಜನವಿಲ್ಲ.

ಉತ್ತರವು ಆ ಹಿರಿಯರ ಮನೆಯ ಮೂಲೆಯಲ್ಲಿಯೇ ಇದೆ. ಬತ್ತದ ಗದ್ದೆಗೆ ಹಾಕುವ ಪೊಟ್ಯಾಷ್ ಗೊಬ್ಬರದ ಚೀಲವೇ ಅದು. ಭಾರತವು ತನಗೆ ಬೇಕಾದ ಪೊಟ್ಯಾಷನ್ನು ಬಹುಮಟ್ಟಿಗೆ ಪೂರ್ಣವಾಗಿ ಪರದೇಶಗಳಿಂದಲೇ ತರಿಸಿಕೊಳ್ಳುತ್ತದೆ. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್ ಮೊದಲಾದ ದೇಶಗಳ ನೆಲದಿಂದ ಎದ್ದ ಆ ಉಪ್ಪು ಸಾವಿರಾರು ಮೈಲಿ ಹಡಗಿನಲ್ಲಿ ತೇಲಿ, ಬಂದರಿನಲ್ಲಿ ಇಳಿದು, ರೈಲನ್ನೂ ಲಾರಿಯನ್ನೂ ಏರಿ, ಕಟ್ಟಕಡೆಗೆ ಎಮ್ಮಿಗನೂರಿನ ಗದ್ದೆಯ ಬದುವಿಗೆ ಬರುತ್ತದೆ. 2010ರಿಂದ ಈ ಬಗೆಯ ಗೊಬ್ಬರಕ್ಕೆ ಸರಕಾರವು ಪೋಷಕಾಂಶದ ತೂಕವನ್ನು ನೋಡಿ ಸಹಾಯಧನವನ್ನು ಗೊತ್ತುಮಾಡುತ್ತದೆ. ಉಳಿದ ಬೆಲೆ ಪೇಟೆಯ ಏರಿಳಿತದೊಡನೆ ನಡೆಯುತ್ತದೆ. ಹಡಗಿನ ಬಾಡಿಗೆ ಏರಿದರೆ ಆ ಭಾರ ರೈತನ ಕೈಚೀಲಕ್ಕಾಗಲಿ, ಸರಕಾರದ ಬೊಕ್ಕಸಕ್ಕಾಗಲಿ ತಗಲಲೇಬೇಕು. ಕಡಲಿನ ಹೊಗೆಗೂ ಗದ್ದೆಗೂ ಇರುವ ಮೊದಲನೆಯ ನಂಟು ಇದು.

ಎರಡನೆಯ ನಂಟು ಸಂಡೂರಿನ ಬೆಟ್ಟಗಳದು. ಈ ಶತಮಾನದ ಮೊದಲ ದಶಕದಲ್ಲಿ, ವಿಶೇಷವಾಗಿ 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ, ಚೀನಾ ದೇಶದ ಉಕ್ಕಿನ ಹಸಿವು ಸಂಡೂರಿನವರೆಗೆ ಬಾಯಿ ಚಾಚಿತು. ಕೆಂಪು ಅದಿರನ್ನು ಹೊತ್ತ ಲಾರಿಗಳ ಸಾಲು ಹಗಲಿರುಳೆನ್ನದೆ ಹರಿಯಿತು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ದಾಟಿ, ಯಲ್ಲಾಪುರದ ಕಾಡನ್ನು ಸೀಳಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಬಳಿಯ ಬೇಲೆಕೇರಿ ಬಂದರನ್ನು ಸೇರುವ ಆ ದಾರಿ 300 ಕಿಲೋಮೀಟರಿಗೆ ಸಮೀಪವಾದುದು. ದಾರಿಯ ಬದಿಯ ಗಿಡಮರಗಳೂ ಮನೆಯ ಮಾಡುಗಳೂ ಆ ದಿನಗಳಲ್ಲಿ ಒಂದೇ ಬಣ್ಣ ತಳೆದುದನ್ನು ಆ ಸೀಮೆಯ ಜನರು ಇಂದಿಗೂ ಮರೆತಿಲ್ಲ. ಕಣ್ಣಿಗೆ ಕಂಡುದು ಕೆಂಪು ಧೂಳು. ಕಾಣದೆ ಹೋದುದು ಇಂಗಾಲಾಮ್ಲ ವಾಯು.

ಆ ಕಾಣದ ವಾಯುವಿನ ಲೆಕ್ಕ ಕಠಿಣವಾದುದಲ್ಲ. 12 ಗ್ರಾಂ ಇಂಗಾಲವು ಉರಿಯುವಾಗ ಗಾಳಿಯಲ್ಲಿರುವ 32 ಗ್ರಾಂ ಆಮ್ಲಜನಕದೊಡನೆ ಕೂಡಿ 44 ಗ್ರಾಂ ಇಂಗಾಲಾಮ್ಲ ವಾಯುವಾಗುತ್ತದೆ. ಆದುದರಿಂದಲೇ ಒಂದು ಕಿಲೋ ತೂಕವೂ ಇಲ್ಲದ ಒಂದು ಲೀಟರ್ ಡೀಸೆಲ್ ಉರಿದು ಸುಮಾರು 2.6 ಕಿಲೋ ವಾಯುವನ್ನು ಕಾರುತ್ತದೆ. ತುಂಬಿದ ಲಾರಿಯೊಂದು ಲೀಟರಿಗೆ 3 ಕಿಲೋಮೀಟರು ಸಾಗುತ್ತದೆಂದು ಇಟ್ಟುಕೊಂಡರೆ, ಬೇಲೆಕೇರಿಯವರೆಗಿನ ಒಂದೇ ಪಯಣಕ್ಕೆ 100 ಲೀಟರ್ ಡೀಸೆಲು, 260 ಕಿಲೋ ವಾಯು. ಬರಿದಾಗಿ ಹಿಂದಿರುಗುವ ದಾರಿಯ ಲೆಕ್ಕ ಬೇರೆ.

ಇಷ್ಟಾದರೂ ಲಾರಿಯ ಹೊಗೆಗೆ ಒಡೆಯನಿದ್ದಾನೆ. ಪ್ರತಿಯೊಂದು ದೇಶವೂ ತನ್ನ ನೆಲದ ಮೇಲೆ ಉರಿದ ಇಂಧನದ ಲೆಕ್ಕವನ್ನು ವಿಶ್ವಸಂಸ್ಥೆಗೆ ಒಪ್ಪಿಸತಕ್ಕದ್ದು. ಆ ಲಾರಿಯ ಹೊಗೆ ಭಾರತದ ಖಾತೆಗೆ ಸೇರುತ್ತದೆ. ಆದರೆ ಅದೇ ಅದಿರು ಬೇಲೆಕೇರಿಯಲ್ಲಿ ಹಡಗನ್ನೇರಿ ಚೀನಾದತ್ತ ಹೊರಟಿತೆನ್ನಿ. ಅಲ್ಲಿಂದ ಮುಂದಿನ ಹೊಗೆ ಮಾರಿದವನದೋ, ಕೊಂಡವನದೋ, ಹಡಗಿನ ಯಜಮಾನನದೋ? ಯಜಮಾನನು ಗ್ರೀಸಿನವನಿರಬಹುದು, ಹಡಗಿನ ಮೇಲಿನ ಬಾವುಟ ಪನಾಮಾದ್ದೋ ಲೈಬೀರಿಯಾದ್ದೋ ಇರಬಹುದು, ನಾವಿಕರು ಫಿಲಿಪೈನ್ಸಿನವರು, ಎಣ್ಣೆ ತುಂಬಿಸಿಕೊಂಡುದು ಸಿಂಗಪುರದಲ್ಲಿ. ಹೀಗೆ ಹತ್ತು ಮನೆಯ ನೆಂಟನಾದ ಹಡಗಿನ ಹೊಗೆಯನ್ನು ಯಾವ ದೇಶದ ಮೊತ್ತಕ್ಕೂ ಸೇರಿಸದೆ, ಲೆಕ್ಕದ ಪುಸ್ತಕದಲ್ಲಿ ಬೇರೊಂದು ಸಾಲಿನಲ್ಲಿ ಬರೆದಿಡುವುದೇ ಪದ್ಧತಿಯಾಗಿದೆ. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಹೊಗೆಗೂ ಇದೇ ಗತಿ.

ಈ ಅನಾಥ ಹೊಗೆ ಅಲ್ಪವೆಂದು ಯಾರೂ ತಿಳಿಯಬೇಕಾದುದಿಲ್ಲ. ಜಗತ್ತಿನ ಸರಕಿನ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ 80 ಪಾಲಿಗಿಂತ ಹೆಚ್ಚು ನಡೆಯುವುದು ಹಡಗಿನಲ್ಲಿ. ಒಂದು ಟನ್ ಸರಕನ್ನು ಒಂದು ಕಿಲೋಮೀಟರು ಸಾಗಿಸಲು ಹಡಗು ಲಾರಿಗಿಂತ ಎಷ್ಟೋ ಕಡಿಮೆ ಎಣ್ಣೆಯನ್ನು ಉರಿಸುವುದೇನೋ ನಿಜ. ಆದರೂ ಸರಕಿನ ರಾಶಿ ದೊಡ್ಡದು, ದಾರಿ ದೂರದ್ದು. 2018ರಲ್ಲಿ ಹಡಗುಗಳು ಉಗುಳಿದ ಬಿಸಿಯೇರಿಸುವ ಅನಿಲಗಳ ಮೊತ್ತ ಸುಮಾರು 107 ಕೋಟಿ ಟನ್ನು. ಮನುಷ್ಯರ ಒಟ್ಟು ಹೊಗೆಯಲ್ಲಿ ನೂರಕ್ಕೆ 2.89 ಪಾಲು. ಹಡಗುಗಳೆಲ್ಲ ಕೂಡಿ ಒಂದು ದೇಶವಾಗಿದ್ದರೆ, ಜಗತ್ತಿನ ಅತಿ ಹೆಚ್ಚು ಹೊಗೆಯುಗುಳುವ ಹತ್ತು ದೇಶಗಳ ಸಾಲಿನಲ್ಲಿ ಅದು ನಿಲ್ಲುತ್ತಿತ್ತು.

ಕಡಲು ಯಾರೊಬ್ಬನ ಸ್ವತ್ತೂ ಅಲ್ಲವಾದುದರಿಂದ ಕಡಲಿನ ವ್ಯವಹಾರ ಒಪ್ಪಂದವಿಲ್ಲದೆ ನಡೆಯದು. ಈ ಸಂಗತಿ ಹಂಪೆಯ ಸೀಮೆಗೆ ಹೊಸದಲ್ಲ. ವಿಜಯನಗರದ ದಂಡಿಗೆ ಬೇಕಾದ ಕುದುರೆಗಳು ಅರಬ್ಬೀ ದೇಶದಿಂದಲೂ ಹೊರ್ಮುಜಿನಿಂದಲೂ ಹಡಗಿನಲ್ಲಿ ಬರುತ್ತಿದ್ದುವು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಕುದುರೆಗಳೂ ಅವನ್ನು ತಂದ ಪರದೇಶದ ವರ್ತಕರೂ ಇಂದಿಗೂ ನಿಂತಿರುವರು. 1547ರಲ್ಲಿ ಗೋವೆಯ ಪೋರ್ಚುಗೀಸರಿಗೂ ಸದಾಶಿವರಾಯನ ಆಸ್ಥಾನಕ್ಕೂ ಆದ ಒಪ್ಪಂದದಲ್ಲಿ, ಗೋವೆಗೆ ಬಂದ ಕುದುರೆಗಳು ಬಿಜಾಪುರದ ಪಾಲಾಗದೆ ವಿಜಯನಗರಕ್ಕೇ ಸಲ್ಲತಕ್ಕದ್ದೆಂಬುದು ಮುಖ್ಯವಾದ ಅಂಶವಾಗಿತ್ತು. ಆ ಹಡಗುಗಳನ್ನು ನಡೆಸಿದುದು ಗಾಳಿ. ಅವುಗಳ ಹಿಂದೆ ಹೊಗೆಯ ಗೆರೆಯಿರಲಿಲ್ಲ. ಅಂದಿನ ಒಪ್ಪಂದ ಸರಕನ್ನು ಹಂಚಿಕೊಳ್ಳುವುದಕ್ಕೆ. ಇಂದು ಬೇಕಾದುದು ಹೊಗೆಯ ಹೊಣೆಯನ್ನು ಹಂಚಿಕೊಳ್ಳುವ ಒಪ್ಪಂದ. ಲಾಭದ ಹಂಚಿಕೆಗಿಂತ ಹೊಣೆಯ ಹಂಚಿಕೆ ಯಾವಾಗಲೂ ಕಷ್ಟವೆಂಬುದನ್ನು, ಅಣ್ಣತಮ್ಮಂದಿರು ಪಾಲಾಗುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಷ್ಟದ ಕಥೆ ಹೀಗೆ ಸಾಗಿದೆ. 1997ರ ಕ್ಯೋಟೋ ಒಪ್ಪಂದವು ಹಡಗು ಮತ್ತು ವಿಮಾನಗಳ ಹೊಗೆಯನ್ನು ದೇಶಗಳ ಪಟ್ಟಿಗೆ ಸೇರಿಸಲಾಗದೆ, ಅವನ್ನು ತಗ್ಗಿಸುವ ಕಾರ್ಯವನ್ನು ಆಯಾ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ನಡೆಸಬೇಕೆಂದು ಹೇಳಿ ಕೈತೊಳೆದುಕೊಂಡಿತು. ಹಡಗುಗಳ ಭಾರ ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ನೌಕಾಸಂಸ್ಥೆಯ ಹೆಗಲೇರಿತು. 1958ರಲ್ಲಿ ಕಾರ್ಯರೂಪಕ್ಕೆ ಬಂದ ಈ ಸಂಸ್ಥೆಯಲ್ಲಿ ಭಾರತವು 1959ರಿಂದ ಸದಸ್ಯ. ಹೊಸ ಹಡಗುಗಳು ಇಷ್ಟು ಸರಕಿಗೆ ಇಷ್ಟೇ ಹೊಗೆ ಬಿಡತಕ್ಕದ್ದೆಂಬ ಮೊದಲ ಕಡ್ಡಾಯ ನಿಯಮವನ್ನು ಅದು ಅಂಗೀಕರಿಸಿದುದು 2011ರ ಜುಲೈಯಲ್ಲಿ. ಕಾಕತಾಳೀಯವೋ ಎಂಬಂತೆ ಅದೇ ತಿಂಗಳಿನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ಗಣಿ ವರದಿ ಹೊರಬಿದ್ದಿತು; 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿನ ರಫ್ತನ್ನು ರಾಜ್ಯ ಸರಕಾರವು ಹಿಂದಿನ ವರ್ಷವೇ ತಡೆದಿತ್ತು. ಹೀಗೆ ಸಂಡೂರಿನ ಲಾರಿಗೂ ದೂರದ ಹಡಗಿಗೂ ಒಂದೇ ತಿಂಗಳಲ್ಲಿ ಕಡಿವಾಣ ಬಿದ್ದಿತಾದರೂ, ಒಂದರ ಸುದ್ದಿ ಮನೆಮನೆಗೆ ಮುಟ್ಟಿತು, ಇನ್ನೊಂದರ ಸುದ್ದಿ ಯಾರಿಗೂ ಮುಟ್ಟಲಿಲ್ಲ.

2013ರಲ್ಲಿ ನಿಯಮಬದ್ಧವಾದ ಗಣಿಗಳಿಗೂ, 2022ರ ಮೇ ತಿಂಗಳಲ್ಲಿ ರಫ್ತಿಗೂ ನ್ಯಾಯಾಲಯದ ಅನುಮತಿ ದೊರೆಯಿತು. ಅದಿರು ಹಡಗನ್ನೇರದೆ ತೋರಣಗಲ್ಲಿನ ಕುಲುಮೆಗೇ ಹೋದರೂ ಕಡಲಿನ ಸಂಬಂಧ ಕಡಿಯುವುದಿಲ್ಲ. ಆ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಗೋವೆಯ ಮೊರ್ಮುಗಾವಿನಲ್ಲಿ ಇಳಿದುದು ಕ್ಯಾಸಲ್‌ರಾಕ್ ಘಟ್ಟವನ್ನು ಹತ್ತಿ, ಹುಬ್ಬಳ್ಳಿ ಹೊಸಪೇಟೆಗಳ ಮಾರ್ಗವಾಗಿ ರೈಲಿನಲ್ಲಿ ಸಾಗುತ್ತದೆ. ಕಡಲು ದೂರವೆಂಬ ಮಾತು ಈ ಸೀಮೆಯ ಮಟ್ಟಿಗೆ ಭೂಗೋಳದಲ್ಲಿ ಸತ್ಯ, ವ್ಯವಹಾರದಲ್ಲಿ ಸುಳ್ಳು.

2023ರ ಜುಲೈಯಲ್ಲಿ ನೌಕಾಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಕೂಡಿ, ಸುಮಾರು 2050ರ ಹೊತ್ತಿಗೆ ಹಡಗುಗಳ ನಿವ್ವಳ ಹೊಗೆಯನ್ನು ಸೊನ್ನೆಗೆ ತರಬೇಕೆಂದು ಒಪ್ಪಿದರು. ಒಪ್ಪಿದುದು ಸುಲಭವಾಯಿತು, ನಡೆಸುವ ಬಗೆಯನ್ನು ಗೊತ್ತುಮಾಡುವಾಗ ಗಂಟು ಬಿದ್ದಿತು. 2025ರ ಏಪ್ರಿಲಿನಲ್ಲಿ ಒಂದು ಕರಡು ಸಿದ್ಧವಾಯಿತು. 5000 ಟನ್ನಿನ ಅಳತೆಯನ್ನು ಮೀರಿದ ಹಡಗುಗಳು ಗೊತ್ತಾದ ಮಿತಿಗಿಂತ ಹೆಚ್ಚು ಹೊಗೆ ಬಿಟ್ಟರೆ, ಹೆಚ್ಚಿನ ಪ್ರತಿಯೊಂದು ಟನ್ನಿಗೂ 100 ಡಾಲರು, ತೀರ ಹೆಚ್ಚಾದರೆ 380 ಡಾಲರು ತೆರಬೇಕು. ಹಾಗೆ ಕೂಡಿದ ಹಣದಿಂದ ಹೊಗೆಯಿಲ್ಲದ ಹಡಗುಗಳಿಗೆ ಬಹುಮಾನವನ್ನೂ, ಬಡ ದೇಶಗಳಿಗೆ ನೆರವನ್ನೂ ಕೊಡಬೇಕು ಎಂಬುದು ಅದರ ಸಾರ. 63 ರಾಷ್ಟ್ರಗಳು ಪರವಾಗಿ ನಿಂತವು, ಭಾರತವೂ ಅವುಗಳಲ್ಲೊಂದು. 16 ವಿರೋಧಿಸಿದವು, 24 ತಟಸ್ಥವಾದವು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಕೊನೆಯ ಮುದ್ರೆಯೊತ್ತಲು ಸಭೆ ಕೂಡಿದಾಗ ಅಮೆರಿಕದ ಪ್ರಬಲ ವಿರೋಧ ಎದುರಾಯಿತು. ಸೌದಿ ಅರೇಬಿಯ ಮುಂದೂಡಿಕೆಯ ಸೂಚನೆಯನ್ನು ತಂದಿತು. 57ಕ್ಕೆ 49 ಮತಗಳಿಂದ ವಿಷಯವನ್ನು ಒಂದು ವರ್ಷದ ಮಟ್ಟಿಗೆ ಬದಿಗಿರಿಸಲಾಯಿತು. ಒಡೆಯನಿಲ್ಲದ ಹೊಗೆಗೆ ಒಡೆಯನನ್ನು ನೇಮಿಸುವ ಮುಹೂರ್ತ ಹೀಗೆ ತಪ್ಪಿತು.

ಮುಂದೂಡಿದವರನ್ನೆಲ್ಲ ದುಷ್ಟರೆಂದು ಹಳಿದು ಲೇಖನವನ್ನು ಮುಗಿಸುವುದು ಸುಲಭ. ಆದರೆ ಇದರಲ್ಲಿ ಅಡಗಿರುವ ನಿಜವಾದ ಪ್ರಶ್ನೆಯನ್ನು ಓದುಗರು ಗಮನಿಸಬೇಕು. ಹಡಗಿನವನು ತೆರುವ ಡಾಲರನ್ನು ಕಟ್ಟಕಡೆಗೆ ತೆರುವವನು ಯಾರು? ಹಡಗಿನವನು ಬಾಡಿಗೆಯ ಮೇಲೆ ಹೇರುವನು. ವರ್ತಕನು ಸರಕಿನ ಮೇಲೆ ಹೇರುವನು. ಪೊಟ್ಯಾಷಿನ ಚೀಲ ಎಮ್ಮಿಗನೂರಿಗೆ ಬರುವ ಹೊತ್ತಿಗೆ ಆ ಡಾಲರು ರೂಪಾಯಿಯಾಗಿ ಅದರೊಳಗೆ ಅಡಗಿ ಕುಳಿತಿರುತ್ತದೆ. ಜಗತ್ತಿನ ಗಾಳಿಯನ್ನು ಕೆಡಿಸಿದುದರಲ್ಲಿ ಅತ್ಯಲ್ಪ ಪಾಲು ಪಡೆದ ರೈತನು ಅದನ್ನು ಸರಿಪಡಿಸುವ ವೆಚ್ಚದಲ್ಲಿ ಮಾತ್ರ ಸಮಪಾಲುದಾರನಾಗುವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿದಂತಿದೆ.

ಹಾಗೆಂದು ಏನನ್ನೂ ಮಾಡದಿರುವುದು ಆ ರೈತನಿಗೆ ಹಿತವೆಂದು ವಾದಿಸುವುದೂ ಮೋಸವೇ. ಮಳೆ ತನ್ನ ಕಾಲವನ್ನು ತಪ್ಪಿದರೆ ಜಲಾಶಯದ ಮಟ್ಟ ಏರುಪೇರಾಗುತ್ತದೆ. ತುಂಗಭದ್ರೆಯ ಕಾಲುವೆಯಲ್ಲಿ ನೀರು ಬರುವ ದಿನವನ್ನು ಎದುರುನೋಡುತ್ತ ಸಸಿಮಡಿಯ ಮುಂದೆ ನಿಲ್ಲುವವನು ಲಂಡನ್ನಿನ ಪ್ರತಿನಿಧಿಯಲ್ಲ, ಕಂಪ್ಲಿಯ ರೈತ. ಹೊಗೆಯಿಂದ ನಷ್ಟವೂ ಅವನಿಗೆ, ಹೊಗೆಯ ಸುಂಕವೂ ಅವನಿಗೆ ಎಂದಾದರೆ ಅದು ಅನ್ಯಾಯ. 1992ರ ರಿಯೋ ಸಮ್ಮೇಳನದಲ್ಲಿ ಜಗತ್ತು ಒಪ್ಪಿದ ಸೂತ್ರ ಬೇರೆ: ಹೊಣೆ ಎಲ್ಲರದು, ಆದರೆ ಅವರವರ ಪಾಲು ಬೇರೆ ಬೇರೆ. ಈ ಸೂತ್ರವನ್ನು ಬಿಟ್ಟು, ಬಲ್ಲಿದರು ತಮಗೆ ತಾವೇ ಸುಂಕವನ್ನು ವಿಧಿಸಿದಾಗ ಏನಾಗುತ್ತದೆಂಬುದಕ್ಕೆ ನಿದರ್ಶನವೂ ಇದೆ. 2012ರಲ್ಲಿ ಐರೋಪ್ಯ ಒಕ್ಕೂಟವು ತನ್ನಲ್ಲಿಗೆ ಬರುವ ಎಲ್ಲ ದೇಶಗಳ ವಿಮಾನಗಳ ಹೊಗೆಗೂ ಬೆಲೆ ಕಟ್ಟಲು ಹೊರಟಿತು. ಭಾರತ, ಚೀನಾ ಮೊದಲಾದ ದೇಶಗಳು ಎದುರುನಿಂತವು. ಅದೇ ನವೆಂಬರಿನಲ್ಲಿ ಒಕ್ಕೂಟವು ಹೊರದೇಶದ ಪಯಣಗಳ ಮಟ್ಟಿಗೆ ಹೆಜ್ಜೆ ಹಿಂದಿಟ್ಟಿತು. ಬಳಿಕ 2016ರಲ್ಲಿ ವಿಮಾನಗಳಿಗಾಗಿ ಎಲ್ಲರೂ ಕೂಡಿದ ಒಂದು ಏರ್ಪಾಡು ರೂಪುಗೊಂಡಿತು. 2027ರಿಂದ ಅದು ಭಾರತಕ್ಕೂ ಅನ್ವಯವಾಗುವಂತೆ ಗೊತ್ತಾಗಿದೆ. ಅಪ್ಪಣೆಯಿಂದ ಆಗದುದು ಒಪ್ಪಿಗೆಯಿಂದ ಆಗಬಹುದೆಂಬುದು ಇದರಿಂದ ತಿಳಿಯುವ ಪಾಠ.

ಸಹಕಾರವೆಂದರೆ ಸುಂಕವೊಂದೇ ಅಲ್ಲ. ವಿದ್ಯೆಯನ್ನೂ ಹಣವನ್ನೂ ಹಂಚಿಕೊಳ್ಳುವುದು ಅದರ ಸೌಮ್ಯವಾದ ಮುಖ. ಹೊಸಪೇಟೆಯ ರೈಲು ಹಳಿಯ ಮೇಲೆ ಕಾಣುವ ವಿದ್ಯುತ್ ತಂತಿಯನ್ನೇ ನೋಡಬಹುದು. 25 ಸಾವಿರ ವೋಲ್ಟಿನ ಏಸಿ ವಿದ್ಯುತ್ತಿನಿಂದ ರೈಲನ್ನು ಎಳೆಯುವ ಈ ಪದ್ಧತಿಯನ್ನು ಭಾರತವು 1957ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ರೈಲ್ವೆಯ ನೆರವಿನಿಂದ ಸ್ವೀಕರಿಸಿತು. 1959ರ ಡಿಸೆಂಬರಿನಲ್ಲಿ ಅದರ ಮೊದಲ ರೈಲು ಓಡಿದುದು ಅಂದಿನ ಬಿಹಾರದ ಸಿಂಗಭೂಮಿಯಲ್ಲಿ, ಕಬ್ಬಿಣದ ಅದಿರಿನ ದಾರಿಯಲ್ಲಿಯೇ. ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುವುದು ನಿಜವಾದರೂ, ಬಿಸಿಲು ಗಾಳಿಗಳಿಂದ ವಿದ್ಯುತ್ತು ಹೆಚ್ಚಿದಂತೆಲ್ಲ ಅದೇ ತಂತಿ, ಅದೇ ಎಂಜಿನು ತಾವಾಗಿಯೇ ಶುದ್ಧವಾಗುತ್ತ ಹೋಗುತ್ತವೆ. ಡೀಸೆಲ್ ಲಾರಿಗೆ ಆ ಭಾಗ್ಯವಿಲ್ಲ. 2011ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ ಬೆಂಗಳೂರಿನ ಮೆಟ್ರೋ ರೈಲಿಗೆ ಜಪಾನು, ಫ್ರಾನ್ಸುಗಳ ಸಾಲವೂ, ಅದರ ಮುಂದಿನ ಹಂತಕ್ಕೆ 2017ರಲ್ಲಿ ಐರೋಪ್ಯ ಹೂಡಿಕೆ ಬ್ಯಾಂಕಿನ 50 ಕೋಟಿ ಯೂರೋ ಸಾಲವೂ ಒದಗಿದವು.

ಅದಿರಿನ ಸಾಗಣೆಯಲ್ಲಿಯೂ ಲಾರಿಯೇ ಗತಿಯೆಂಬುದು ಸುಳ್ಳು. ಇರಾನಿನ ಸಾಲದ ಒಪ್ಪಂದದಿಂದ ಮೊದಲಾದ ಕುದುರೆಮುಖದ ಯೋಜನೆಯಲ್ಲಿ, ಅದಿರನ್ನು ನೀರಿನೊಡನೆ ಕಲಸಿ 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಕಾಡಿನ ರಕ್ಷಣೆಗಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಆದರೆ ಸಾಗಣೆಯ ಜಾಣ್ಮೆ ಮಾತ್ರ ಮೆಚ್ಚತಕ್ಕದ್ದೇ. ಈಗ ಸಂಡೂರಿನ ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಸುಮಾರು 24 ಕಿಲೋಮೀಟರು ಉದ್ದದ ಕೊಳವೆಯಾಕಾರದ ಸಾಗಣೆಪಟ್ಟಿ ಅದಿರನ್ನು ಹೊರುತ್ತಿದೆ. ಪಟ್ಟಿಯ ಮೇಲೆ ಸಾಗಿದ ಪ್ರತಿಯೊಂದು ಟನ್ನೂ ದಾರಿಯ ಧೂಳಿನಿಂದ, ಡೀಸೆಲಿನ ಹೊಗೆಯಿಂದ ಉಳಿದುದೆಂದೇ ಲೆಕ್ಕ.

ನೆಲದ ಮೇಲೆ ತಂತಿಯನ್ನೂ ಪಟ್ಟಿಯನ್ನೂ ಹಾಕಬಹುದು. ಕಡಲಿನ ಮೇಲೇನು ಮಾಡುವುದು? ವೇಗವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಒಂದು ಪಯಣದ ಎಣ್ಣೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಉಳಿಯುತ್ತದೆ. ಗಾಳಿಯನ್ನು ಮತ್ತೆ ಕರೆಯುವುದೂ ಒಂದು ಉಪಾಯ: 2023ರಲ್ಲಿ ‘ಪಿಕ್ಸಿಸ್ ಓಷನ್’ ಎಂಬ ಸರಕು ಹಡಗು ಲೋಹದ ಎರಡು ದೊಡ್ಡ ಹಾಯಿಗಳನ್ನೆತ್ತಿ ಪಯಣ ಮಾಡಿತು. ಆದರೆ ಎಲ್ಲರ ಕಣ್ಣು ನೆಟ್ಟಿರುವುದು ಅಮೋನಿಯದ ಮೇಲೆ. ಅದರಲ್ಲಿ ಇಂಗಾಲವಿಲ್ಲ, ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ಅದನ್ನು ತಯಾರಿಸಿದರೆ ಹಡಗಿನ ಇಂಗಾಲದ ಹೊಗೆ ಬಹುಪಾಲು ಅಡಗುವುದು. 2022ರಲ್ಲಿ ಆಸ್ಟ್ರೇಲಿಯದಿಂದ ಪೂರ್ವ ಏಷ್ಯಕ್ಕೆ ಹೋಗುವ ಅದಿರಿನ ಹಡಗುಗಳನ್ನು ಇಂಥ ಇಂಧನದಿಂದ ನಡೆಸುವ ದಾರಿಯನ್ನು ಹುಡುಕಲು ಗಣಿ ಕಂಪೆನಿಗಳೂ ಹಡಗಿನ ಕಂಪೆನಿಗಳೂ ಕೈಜೋಡಿಸಿದವು. 2023ರಲ್ಲಿ ಭಾರತ ಸರಕಾರವೂ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕದ ಯೋಜನೆಯನ್ನು ಅಂಗೀಕರಿಸಿತು.

ಇಲ್ಲಿಯೂ ಗದ್ದೆಯ ಮಾತು ಮತ್ತೆ ಎದ್ದುನಿಲ್ಲುತ್ತದೆ. ಯೂರಿಯ ಗೊಬ್ಬರಕ್ಕೆ ಮೂಲವಾದುದೂ ಅಮೋನಿಯವೇ. ಜಗತ್ತಿನ ಹಡಗುಗಳೆಲ್ಲ ಅಮೋನಿಯಕ್ಕಾಗಿ ಬಾಯ್ದೆರೆದು ನಿಂತರೆ ಗೊಬ್ಬರದ ಗತಿಯೇನು? ಕಡಲಿಗೂ ಗದ್ದೆಗೂ ಒಂದೇ ಕಣಜದಿಂದ ಅಳೆಯಬೇಕಾದ ಕಾಲ ಬಂದರೆ, ಹಣವುಳ್ಳ ಹಡಗಿಗೆ ಮೊದಲು, ಹಣವಿಲ್ಲದ ಗದ್ದೆಗೆ ಆಮೇಲೆ ಎಂದಾಗಕೂಡದು. ಇದನ್ನು ಪೇಟೆ ತಾನಾಗಿ ನೋಡಿಕೊಳ್ಳದು. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ನಡೆದೀತು.

ಆದುದರಿಂದ ಈ ವಿಷಯದಲ್ಲಿ ಭಾರತದ ಪ್ರತಿನಿಧಿಗಳಿಂದ ನಿರೀಕ್ಷಿಸಬೇಕಾದುದು ಎರಡೇ ಮಾತು. ಕಡಲಿನ ಹೊಗೆಗೆ ಒಡೆಯನು ಬೇಕು, ಅದನ್ನು ಇನ್ನು ಮುಂದೂಡುವಂತಿಲ್ಲ ಎಂಬುದು ಒಂದು. ಆ ಹೊಗೆಗೆ ಕಟ್ಟಿದ ಬೆಲೆಯಲ್ಲಿ ಉಣ್ಣುವ ಅನ್ನಕ್ಕೂ ಅನ್ನ ಬೆಳೆಯುವ ಗೊಬ್ಬರಕ್ಕೂ ತಗಲುವ ಭಾರವನ್ನು, ಕೂಡಿದ ನಿಧಿಯಿಂದಲೇ ಇಳಿಸಿಕೊಡಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಹೇಳಿದರೆ ಬಲ್ಲಿದರಿಗೆ ಹಿತವಾದೀತು; ಎರಡನೆಯದನ್ನು ಮಾತ್ರ ಹೇಳಿದರೆ ಕೆಲಸ ತಪ್ಪಿಸಿಕೊಳ್ಳುವವರ ನೆಪವಾದೀತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು, ಕಬ್ಬಿಣವನ್ನು ಕಡಲಿಗೆ ಕಳುಹಿದ ಸಂಡೂರು, ಕಡಲಿನಿಂದ ಬಂದ ಗೊಬ್ಬರವನ್ನು ಎದುರುನೋಡುವ ಎಮ್ಮಿಗನೂರು ಇವೆರಡನ್ನೂ ತನ್ನ ಮಡಿಲಲ್ಲಿಟ್ಟುಕೊಂಡಿರುವ ಭಾರತದಂಥ ದೇಶಕ್ಕಿದೆ. ಲಂಡನ್ನಿನ ಸಭೆಯಲ್ಲಿ ಕೈಯೆತ್ತುವವರು, ಎತ್ತುವ ಮೊದಲು, ಆ ಕೈಯ ಹಿಂದೆ ಎಷ್ಟು ಹೆಗಲುಗಳು ಚೀಲ ಹೊತ್ತು ನಿಂತಿವೆಯೆಂಬುದನ್ನು ನೆನೆಯುವುದು ಒಳ್ಳೆಯದು.